ಮಾಸ್ಕ್ ಕೆಲಸ ಮಾಡುತ್ತದೆಯೇ? ಮಾಸ್ಕ್ ಕಡ್ಡಾಯ ಕೆಲಸ ಮಾಡುತ್ತದೆಯೇ? ಇವು ಎರಡು ಬೇರೆ ಬೇರೆ ಪ್ರಶ್ನೆಗಳು

ಎಲ್ಲೋ ಒಂದು ಹೊಸ ಜ್ವರದ ಸುದ್ದಿ ಬಂದರೆ ಸಾಕು, ಮಾಸ್ಕ್ ಬಗೆಗಿನ ಹಳೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡತೊಡಗುತ್ತವೆ. "ಮಾಸ್ಕ್‌ನಿಂದ ಏನೂ ಪ್ರಯೋಜನವಿಲ್ಲ ಎಂದು ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ" ಎನ್ನುತ್ತದೆ ಒಂದು ಸಂದೇಶ. "ಎಲ್ಲರೂ ಸರಿಯಾಗಿ ಮಾಸ್ಕ್ ಹಾಕಿದ್ದರೆ ಕೊರೋನಾ ಹದಿನೈದೇ ದಿನದಲ್ಲಿ ಓಡಿಹೋಗುತ್ತಿತ್ತು" ಎನ್ನುತ್ತದೆ ಇನ್ನೊಂದು. ಎರಡನ್ನೂ ಅಷ್ಟೇ ನಂಬಿಕೆಯಿಂದ ಫಾರ್ವರ್ಡ್ ಮಾಡುವವರಿದ್ದಾರೆ.

ಎರಡೂ ತಪ್ಪು. ತಪ್ಪಿಗೆ ಕಾರಣವೂ ಒಂದೇ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಈ ಸಂದೇಶಗಳು ಒಂದೇ ಪಾತ್ರೆಗೆ ಹಾಕಿ ಕಲಸುತ್ತವೆ:

1. ಮಾಸ್ಕ್ ಎಂಬ ವಸ್ತು ರೋಗಾಣುವನ್ನು ತಡೆಯುತ್ತದೆಯೇ?
2. ಸರ್ಕಾರ ಮಾಸ್ಕ್ ಕಡ್ಡಾಯ ಮಾಡಿದರೆ ಊರಿನಲ್ಲಿ ರೋಗ ಕಡಿಮೆಯಾಗುತ್ತದೆಯೇ?
3. ಕಡಿಮೆಯಾಗುವುದಾದರೂ, ದಂಡ ಹಾಕಿ ಕಡ್ಡಾಯ ಮಾಡುವುದು ಸರಿಯೇ?

ಹೆಲ್ಮೆಟ್ ಉದಾಹರಣೆ ತೆಗೆದುಕೊಳ್ಳೋಣ. ಹೆಲ್ಮೆಟ್ ತಲೆ ಉಳಿಸುತ್ತದೆಯೇ? ಉಳಿಸುತ್ತದೆ. ಹೆಲ್ಮೆಟ್ ಕಾನೂನು ತಲೆ ಉಳಿಸುತ್ತದೆಯೇ? ಹೆಲ್ಮೆಟ್ ತಲೆಯ ಮೇಲಿದ್ದರೆ ಉಳಿಸುತ್ತದೆ, ಗಾಡಿಯ ಕನ್ನಡಿಗೆ ನೇತುಹಾಕಿದ್ದರೆ ಇಲ್ಲ. ಪೊಲೀಸರನ್ನು ಕಂಡಾಗ ತಲೆಗೇರಿ, ಸರ್ಕಲ್ ದಾಟಿದ ಮೇಲೆ ಮತ್ತೆ ಮೊಣಕೈಗೆ ಬರುವ ಹೆಲ್ಮೆಟ್‌ನಿಂದ ಯಾರಿಗೂ ಉಪಯೋಗವಿಲ್ಲ. ಹಾಗೆಂದು "ಹೆಲ್ಮೆಟ್ ಕೆಲಸ ಮಾಡುವುದಿಲ್ಲ" ಎಂದು ಯಾರೂ ಹೇಳುವುದಿಲ್ಲ. ಮಾಸ್ಕ್ ವಿಷಯದಲ್ಲಿ ಮಾತ್ರ ನಾವು ಹಾಗೆ ಹೇಳಿಬಿಡುತ್ತೇವೆ. ಆದ್ದರಿಂದ ಮೂರು ಪ್ರಶ್ನೆಗಳನ್ನೂ ಬಿಡಿಬಿಡಿಯಾಗಿ ನೋಡೋಣ.

ಪ್ರಶ್ನೆ 1: ಮಾಸ್ಕ್ ರೋಗಾಣುವನ್ನು ತಡೆಯುತ್ತದೆಯೇ?

ಬಹಳ ಓಡಾಡಿದ ವಾದವೊಂದಿದೆ. "ಕೊರೋನಾ ವೈರಸ್ ಬರೀ 0.1 ಮೈಕ್ರಾನ್ ಗಾತ್ರದ್ದು. ಮಾಸ್ಕ್‌ನ ರಂಧ್ರಗಳು ಅದಕ್ಕಿಂತ ಎಷ್ಟೋ ದೊಡ್ಡವು. ಕಬ್ಬಿಣದ ಜಾಲರಿ ಹಾಕಿ ಸೊಳ್ಳೆ ತಡೆದಂತಾಯಿತು." ಕೇಳಲು ತರ್ಕಬದ್ಧವಾಗಿದೆ. ವೈರಸ್‌ನ ಗಾತ್ರವೂ ಹೆಚ್ಚುಕಡಿಮೆ ಸರಿಯೇ. ಆದರೆ ತೀರ್ಮಾನ ತಪ್ಪು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ವೈರಸ್ ಒಂಟಿಯಾಗಿ ಹಾರಿಬರುವುದಿಲ್ಲ. ನಾವು ಕೆಮ್ಮಿದಾಗ, ಮಾತನಾಡಿದಾಗ, ಉಸಿರು ಬಿಟ್ಟಾಗಲೂ ಹೊರಬರುವ ತೇವದ ಹನಿಗಳೊಳಗೆ ಕುಳಿತು ಬರುತ್ತದೆ. ಆ ಹನಿಗಳಲ್ಲಿ ಕೆಲವು ಕಣ್ಣಿಗೆ ಕಾಣುವಷ್ಟು ದೊಡ್ಡವು, ಅವು ಬೇಗ ನೆಲಕ್ಕೆ ಬೀಳುತ್ತವೆ. ಉಳಿದವು ಹೊಗೆಯಂತೆ ಗಾಳಿಯಲ್ಲಿ ತೇಲುವಷ್ಟು ಸಣ್ಣವು. ಸಣ್ಣವೆಂದರೂ ಅವು ಒಂಟಿ ವೈರಸ್‌ಗಿಂತ ದೊಡ್ಡವೇ.

ಎರಡನೆಯದು, ಮಾಸ್ಕ್ ಜರಡಿಯಲ್ಲ. ಹಿಟ್ಟು ಜರಡಿ ಹಿಡಿಯುವಾಗ ರಂಧ್ರಕ್ಕಿಂತ ದೊಡ್ಡದು ಮೇಲುಳಿಯುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಮಾಸ್ಕ್ ಕೆಲಸ ಮಾಡುವ ಬಗೆ ಬೇರೆ. ಅದರ ಎಳೆಗಳು ಅಡ್ಡಾದಿಡ್ಡಿಯಾಗಿ, ಪದರ ಪದರವಾಗಿ ಹಬ್ಬಿರುವ ಕಾಡಿನಂತಿರುತ್ತವೆ. ಗಾಳಿ ಆ ಎಳೆಗಳ ನಡುವೆ ತಿರುವು ತೆಗೆದುಕೊಂಡು ಹೋಗುವಾಗ, ದೊಡ್ಡ ಕಣಗಳು ತಿರುಗಲಾಗದೆ ಎಳೆಗೆ ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ. ತೀರಾ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ನೆಟ್ಟಗೆ ಹೋಗಲಾರದೆ ಅತ್ತಿತ್ತ ಅಲೆದಾಡಿ ಯಾವುದೋ ಎಳೆಗೆ ತಗುಲುತ್ತವೆ. ನಡುವಿನ ಗಾತ್ರದವು, ಅಂದರೆ ಸುಮಾರು 0.3 ಮೈಕ್ರಾನ್ ಆಸುಪಾಸಿನವು, ಇವೆರಡರಿಂದಲೂ ಹೆಚ್ಚು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದಲೇ ಎನ್95 ಮಾಸ್ಕನ್ನು ಈ ಕಷ್ಟದ ಗಾತ್ರದ ಕಣಗಳಿಂದಲೇ ಪರೀಕ್ಷಿಸುತ್ತಾರೆ. ಅವುಗಳಲ್ಲಿ ಕನಿಷ್ಠ 95% ತಡೆದರೆ ಮಾತ್ರ ಹೆಸರಿನಲ್ಲಿ '95' ಬರುತ್ತದೆ. ಅದಕ್ಕಿಂತ ಸಣ್ಣ ಕಣಗಳನ್ನು ಅದು ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಎನ್95ರ ಎಳೆಗಳಿಗೆ ವಿದ್ಯುದಾವೇಶವೂ ಇರುತ್ತದೆ. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆದುಕೊಳ್ಳುವಂತೆ ಈ ಎಳೆಗಳು ಕಣಗಳನ್ನು ಎಳೆದುಕೊಳ್ಳುತ್ತವೆ. ಎಳೆಗಳಿಗೆ ಹೀಗೆ ಆವೇಶ ತುಂಬುವ ವಿಧಾನವನ್ನು ಅಭಿವೃದ್ಧಿಪಡಿಸಿದವರು ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಪೀಟರ್ ತ್ಸಾಯ್. ಎನ್95 ಮಾಸ್ಕನ್ನು ಸೋಪು ಹಾಕಿ ತೊಳೆಯಬಾರದು ಎನ್ನುವುದು ಇದೇ ಕಾರಣಕ್ಕೆ. ತೊಳೆದರೆ ಆವೇಶ ಹೋಗುತ್ತದೆ, ನೋಡಲು ಮಾತ್ರ ಮಾಸ್ಕ್ ಹಾಗೇ ಇರುತ್ತದೆ.

ಹಾಗಾದರೆ ಎಲ್ಲ ಮಾಸ್ಕ್ ಒಂದೇ ತರಹವೇ? ಖಂಡಿತ ಅಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಎಲ್ಲಕ್ಕಿಂತ ಮೇಲು. ಸರ್ಜಿಕಲ್ ಮಾಸ್ಕ್‌ನ ಬಟ್ಟೆ ಚೆನ್ನಾಗಿದ್ದರೂ ಕೆನ್ನೆಯ ಎರಡೂ ಬದಿಯಲ್ಲಿ ಸಂದಿ ಇರುತ್ತದೆ. ಒಂದೇ ಪದರದ ಬಟ್ಟೆಯ ಮಾಸ್ಕ್ ತೀರಾ ದುರ್ಬಲ. ಗದ್ದದ ಕೆಳಗೆ ಜೋತಾಡುವ ಎನ್95ಗಿಂತ ಮೂಗು ಮುಚ್ಚಿದ ಸರ್ಜಿಕಲ್ ಮಾಸ್ಕ್ ಎಷ್ಟೋ ವಾಸಿ.

ಮಾಸ್ಕ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಾಕಿಕೊಂಡವರನ್ನು ಕಾಪಾಡುವುದರ ಜೊತೆಗೆ ಅವರಿಂದ ಎದುರಿನವರನ್ನೂ ಕಾಪಾಡುತ್ತದೆ. ಇದಕ್ಕೆ ಕೋವಿಡ್‌ಗೂ ಮುಂಚಿನ ಒಂದು ಪುರಾವೆಯಿದೆ. ದಕ್ಷಿಣ ಆಫ್ರಿಕಾದಲ್ಲಿ ಔಷಧಕ್ಕೆ ಬಗ್ಗದ ಕ್ಷಯರೋಗಿಗಳಿದ್ದ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳಿದ್ದ ಕೋಣೆಗಳಿಗೆ ಹಾಯಿಸಲಾಯಿತು. ಒಂದು ದಿನ ರೋಗಿಗಳು ಸರ್ಜಿಕಲ್ ಮಾಸ್ಕ್ ಹಾಕುವುದು, ಮರುದಿನ ಹಾಕದಿರುವುದು. ಮಾಸ್ಕ್ ದಿನಗಳ ಗಾಳಿ ಒಂದು ಕೋಣೆಗೆ, ಮಾಸ್ಕ್ ಇಲ್ಲದ ದಿನಗಳ ಗಾಳಿ ಇನ್ನೊಂದಕ್ಕೆ. ಎರಡೂ ಕಡೆ ತಲಾ 90 ಗಿನಿಯಿಲಿಗಳು. ಮಾಸ್ಕ್ ಇಲ್ಲದ ಗಾಳಿ ಕುಡಿದವುಗಳಲ್ಲಿ 69ಕ್ಕೆ ಸೋಂಕು ತಗುಲಿತು, ಮಾಸ್ಕ್ ದಿನಗಳ ಗಾಳಿ ಕುಡಿದವುಗಳಲ್ಲಿ 36ಕ್ಕೆ. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಲೆಕ್ಕದಲ್ಲಿ ಸೋಂಕು ಹರಡುವ ಅಪಾಯ ಮಾಸ್ಕ್‌ನಿಂದ ಸುಮಾರು 56% ಇಳಿಯಿತು. ಅಪಾಯ ಪೂರ್ತಿ ಹೋಗಲಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇರುವಾಗ ನಮಗೆ ಇದು ಸಣ್ಣ ವಿಷಯವಲ್ಲ.

"ಮಾಸ್ಕ್ ಹಾಕಿದರೆ ನಮ್ಮ ಕಾರ್ಬನ್ ಡೈಆಕ್ಸೈಡ್ ಅನ್ನೇ ನಾವು ಕುಡಿದು ಆಮ್ಲಜನಕ ಕಡಿಮೆಯಾಗುತ್ತದೆ" ಎಂಬ ಸಂದೇಶವನ್ನೂ ನೋಡಿರುತ್ತೀರಿ. ಅನಿಲದ ಅಣುಗಳು ವೈರಸ್‌ಗಿಂತ ನೂರಾರು ಪಟ್ಟು ಸಣ್ಣವು, ಗಾಳಿಯೊಂದಿಗೆ ಸಲೀಸಾಗಿ ಒಳಹೊರಗೆ ಹೋಗುತ್ತವೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಗಂಟೆಗಟ್ಟಲೆ ಮಾಸ್ಕ್ ಹಾಕಿಕೊಂಡೇ ನಿಲ್ಲುತ್ತಾರೆ. ಸೆಖೆ, ಕಿರಿಕಿರಿ, ಕನ್ನಡಕಕ್ಕೆ ಮಂಜು ಕಟ್ಟುವುದು ಇವೆಲ್ಲ ನಿಜ. ತೀವ್ರ ಉಸಿರಾಟದ ಕಾಯಿಲೆ ಇರುವವರು ವೈದ್ಯರನ್ನು ಕೇಳಬೇಕು ಎಂಬುದೂ ನಿಜ. 2021ರಲ್ಲಿ ಹರಿದಾಡಿದ "ಮಾಸ್ಕ್‌ನಿಂದಲೇ ಬ್ಲ್ಯಾಕ್ ಫಂಗಸ್" ಎಂಬ ಮಾತಿಗೂ ಆಧಾರವಿರಲಿಲ್ಲ. ಆಗ ಆ ಕಾಯಿಲೆ ಹೆಚ್ಚಲು ವೈದ್ಯರು ಗುರುತಿಸಿದ ಮುಖ್ಯ ಕಾರಣಗಳು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್‌ಗಳ ಅತಿ ಬಳಕೆ.

ಮೊದಲ ಪ್ರಶ್ನೆಗೆ ಉತ್ತರ: ಹೌದು, ಮಾಸ್ಕ್ ತಡೆಯುತ್ತದೆ. ಎಷ್ಟು ತಡೆಯುತ್ತದೆ ಎಂಬುದು ಮಾಸ್ಕ್ ಯಾವುದು, ಹೇಗೆ ಹಾಕಿದ್ದೀರಿ ಎಂಬುದರ ಮೇಲೆ ನಿಂತಿದೆ.

ಪ್ರಶ್ನೆ 2: ಕಡ್ಡಾಯ ಮಾಡಿದರೆ ರೋಗ ಕಡಿಮೆಯಾಗುತ್ತದೆಯೇ?

ನಿಜವಾದ ಜಗಳ ಇರುವುದು ಇಲ್ಲಿ. ಪ್ರಯೋಗಾಲಯದಲ್ಲಿ ಮಾಸ್ಕ್ ಸದಾ ಮೂಗಿನ ಮೇಲಿರುತ್ತದೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ಹಾಗಿರುವುದಿಲ್ಲ.

ಡೆನ್ಮಾರ್ಕ್‌ನಲ್ಲಿ 2020ರ ಏಪ್ರಿಲ್–ಜೂನ್ ನಡುವೆ ಸುಮಾರು 6,000 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಸ್ಕ್ ಹಾಕಲು ಹೇಳಲಾಯಿತು. ಮಾಸ್ಕ್ ಗುಂಪಿನಲ್ಲಿ 1.8%, ಇನ್ನೊಂದರಲ್ಲಿ 2.1% ಜನರಿಗೆ ಸೋಂಕು ಬಂತು. ವ್ಯತ್ಯಾಸ ಎಷ್ಟು ಸಣ್ಣದೆಂದರೆ ಅದು ಕಾಕತಾಳೀಯವೂ ಇರಬಹುದು. "ಮಾಸ್ಕ್ ವ್ಯರ್ಥ" ಎನ್ನುವವರ ನೆಚ್ಚಿನ ಅಧ್ಯಯನವಿದು. ಆದರೆ ಇದು ಮಾಸ್ಕ್ ಹಾಕಿದವರಿಗೆ ಎಷ್ಟು ರಕ್ಷಣೆ ಎಂಬುದನ್ನಷ್ಟೇ ಅಳೆದಿತ್ತು. ಅವರಿಂದ ಬೇರೆಯವರಿಗೆ ಹರಡುವುದು ತಗ್ಗಿತೇ ಎಂಬುದನ್ನು ಅಳೆದಿರಲಿಲ್ಲ.

ನಾರ್ವೆಯಲ್ಲಿ 2023ರಲ್ಲಿ 4,647 ಜನರ ಮೇಲೆ ನಡೆದ ಪ್ರಯೋಗದಲ್ಲಿ ಅಂತರ ಸ್ವಲ್ಪ ಸ್ಪಷ್ಟವಾಗಿತ್ತು. ಹೊರಗೆ ಹೋದಾಗ ಸರ್ಜಿಕಲ್ ಮಾಸ್ಕ್ ಹಾಕಿದವರಲ್ಲಿ 8.9%, ಹಾಕದವರಲ್ಲಿ 12.2% ಜನ ಶೀತ-ಕೆಮ್ಮಿನಂಥ ಲಕ್ಷಣಗಳನ್ನು ಹೇಳಿಕೊಂಡರು. ಲಾಭ ಇದೆ, ಆದರೆ ಪವಾಡವೇನಲ್ಲ.

ನಮಗೆ ಹೆಚ್ಚು ಹತ್ತಿರದ್ದು ಬಾಂಗ್ಲಾದೇಶದ ಅಧ್ಯಯನ. 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ, 3,42,000ಕ್ಕೂ ಹೆಚ್ಚು ವಯಸ್ಕರ ನಡುವೆ ಇದು ನಡೆಯಿತು. ಅಲ್ಲಿನ ಸರ್ಕಾರ 2020ರ ಮೇ ತಿಂಗಳಲ್ಲೇ ಮಾಸ್ಕ್ ಕಡ್ಡಾಯ ಮಾಡಿ ದಂಡದ ಎಚ್ಚರಿಕೆ ಕೊಟ್ಟಿತ್ತು. ಆದರೂ ಸಂಶೋಧಕರು ಏನೂ ಮಾಡದೆ ಬಿಟ್ಟ ಹಳ್ಳಿಗಳಲ್ಲಿ ಸರಿಯಾಗಿ ಮಾಸ್ಕ್ ಹಾಕಿದವರು ಸುಮಾರು 13% ಮಾತ್ರ. ಉಳಿದ ಹಳ್ಳಿಗಳಲ್ಲಿ ಮನೆಮನೆಗೆ ಉಚಿತ ಮಾಸ್ಕ್ ಕೊಟ್ಟರು, ಯಾಕೆ ಬೇಕೆಂದು ತಿಳಿಸಿದರು, ಮಸೀದಿಯ ಇಮಾಮರು ಮತ್ತು ಊರ ಮುಖಂಡರು ತಾವೇ ಹಾಕಿ ತೋರಿಸಿದರು, ರಸ್ತೆಯಲ್ಲಿ ಹಾಕದವರು ಕಂಡರೆ ಸೌಮ್ಯವಾಗಿ ನೆನಪಿಸಿದರು. ಮಾಸ್ಕ್ ಹಾಕುವವರು ಸುಮಾರು 42%ಕ್ಕೆ ಏರಿದರು. ಅಷ್ಟರಿಂದ ರಕ್ತಪರೀಕ್ಷೆಯಲ್ಲಿ ದೃಢಪಟ್ಟ, ಲಕ್ಷಣಗಳಿದ್ದ ಕೋವಿಡ್ ಸುಮಾರು 9.5% ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳ 60 ದಾಟಿದವರಲ್ಲಿ ಇಳಿಕೆ ಸುಮಾರು 35%. ಬಟ್ಟೆಯ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಏನು? ಕಾನೂನು ಇದ್ದೂ 13%. ಮಾಸ್ಕ್ ಕೈಗಿಟ್ಟು, ಮಾತನಾಡಿಸಿದ ಮೇಲೆ 42%. ಆದೇಶದ ಕಾಗದ ವೈರಸ್ ತಡೆಯುವುದಿಲ್ಲ, ಮುಖದ ಮೇಲಿನ ಮಾಸ್ಕ್ ತಡೆಯುತ್ತದೆ.

ಕಾನೂನಿನಿಂದ ಲಾಭವಾದ ಉದಾಹರಣೆಗಳಿಲ್ಲವೇ? ಇವೆ. ಜರ್ಮನಿಯ ಯೇನಾ ನಗರ 2020ರ ಏಪ್ರಿಲ್ 6ರಂದು, ದೇಶದ ಹೆಚ್ಚಿನ ಭಾಗಕ್ಕಿಂತ ಸುಮಾರು ಮೂರು ವಾರ ಮೊದಲೇ, ಮಾಸ್ಕ್ ಕಡ್ಡಾಯ ಮಾಡಿತು. ಬೇರೆ ಊರುಗಳೊಂದಿಗೆ ಹೋಲಿಸಿದ ಸಂಶೋಧಕರಿಗೆ ಅಲ್ಲಿ ಹೊಸ ಪ್ರಕರಣಗಳು ಬಹಳ ಬೇಗ ಇಳಿದದ್ದು ಕಂಡಿತು. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 2020ರ ಜುಲೈನಲ್ಲಿ ಬಂದ ಆದೇಶದಿಂದ ಹೊರಗುಳಿಯಲು ಕೌಂಟಿಗಳಿಗೆ ಅವಕಾಶವಿತ್ತು. ಆದೇಶ ಉಳಿಸಿಕೊಂಡ 24 ಕೌಂಟಿಗಳಲ್ಲಿ ಸೋಂಕು 6% ಇಳಿಯಿತು, ಹೊರಗುಳಿದ 81 ಕೌಂಟಿಗಳಲ್ಲಿ ದುಪ್ಪಟ್ಟಾಯಿತು.

ಆದರೆ ಇವನ್ನು ಚೀಟಿ ಎತ್ತಿ ಮಾಡಿದ ಪ್ರಯೋಗದಷ್ಟು ಗಟ್ಟಿ ಸಾಕ್ಷಿ ಎನ್ನಲಾಗದು. ಮಾಸ್ಕ್ ಆದೇಶ ಒಪ್ಪಿಕೊಂಡ ಊರಿನ ಜನ ಗುಂಪು ಸೇರುವುದನ್ನೂ ಕಡಿಮೆ ಮಾಡಿರಬಹುದು, ಮೊದಲೇ ಹೆದರಿರಬಹುದು. ಇಳಿಕೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ವಿರುದ್ಧದ ಉದಾಹರಣೆ ನೂರು ವರ್ಷ ಹಳೆಯದು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಮಾಸ್ಕ್ ಕಡ್ಡಾಯ ಮಾಡಿ, ತಪ್ಪಿದವರಿಗೆ ದಂಡ, ಜೈಲು ಎರಡನ್ನೂ ಇಟ್ಟಿತು. ಬಾಕ್ಸಿಂಗ್ ಪಂದ್ಯ ನೋಡುತ್ತಿದ್ದ ಮೇಯರ್ ಅವರೇ ಮಾಸ್ಕ್ ಇಲ್ಲದೆ ಫೋಟೋದಲ್ಲಿ ಸಿಕ್ಕಿಬಿದ್ದು ದಂಡ ಕಟ್ಟಿದರು. 1919ರ ಜನವರಿಯಲ್ಲಿ ಆದೇಶ ಎರಡನೇ ಸಲ ಬಂದಾಗ 'ಆ್ಯಂಟಿ-ಮಾಸ್ಕ್ ಲೀಗ್' ಎಂಬ ಸಂಘವೇ ಹುಟ್ಟಿ ಸಾವಿರಾರು ಜನರ ಸಭೆ ನಡೆಯಿತು. ಮುಂದೆ ಕ್ಯಾಲಿಫೋರ್ನಿಯಾದ ಆರೋಗ್ಯ ಅಧಿಕಾರಿ ಡಬ್ಲ್ಯೂ. ಎಚ್. ಕೆಲಾಗ್ ಅಂಕಿಅಂಶ ತೆಗೆದು ನೋಡಿದಾಗ ಕಡ್ಡಾಯದಿಂದ ಸಾಂಕ್ರಾಮಿಕ ತಗ್ಗಿದ ಗುರುತು ಸಿಗಲಿಲ್ಲ. ಆಗಿನ ಮಾಸ್ಕ್ ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯದು. ಪದರ ಕಡಿಮೆಯಾದರೆ ಕಣ ನುಗ್ಗುತ್ತಿತ್ತು, ಹೆಚ್ಚಾದರೆ ಗಾಳಿ ಅಂಚಿನಿಂದ ಸೋರುತ್ತಿತ್ತು.

ವಿಜ್ಞಾನಿಗಳು ಒಪ್ಪಿಕೊಂಡರು ಎಂಬ ಆ ಸಂದೇಶ ಎಲ್ಲಿಂದ ಬಂತು?

2023ರ ಜನವರಿಯಲ್ಲಿ 'ಕಾಕ್ರೇನ್' ಸಂಸ್ಥೆ ಒಂದು ವಿಮರ್ಶೆ ಪ್ರಕಟಿಸಿತು. ಕೈ ತೊಳೆಯುವುದೂ ಸೇರಿದಂತೆ ಸೋಂಕು ತಡೆಯುವ ಕ್ರಮಗಳ ಬಗೆಗಿನ 78 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯದು. ಸಮುದಾಯದಲ್ಲಿ ಮಾಸ್ಕ್ ಹಾಕುವುದರಿಂದ ಬಹುಶಃ ವ್ಯತ್ಯಾಸ ಅಲ್ಪ ಅಥವಾ ಇಲ್ಲ ಎಂದು ಅದರಲ್ಲಿತ್ತು. ಪತ್ರಿಕೆಗಳ ತಲೆಬರಹಕ್ಕೆ ಬರುವಷ್ಟರಲ್ಲಿ ಅದು "ಮಾಸ್ಕ್ ಕೆಲಸ ಮಾಡುವುದಿಲ್ಲ" ಎಂದಾಯಿತು.

ಆದರೆ ಆ ಪ್ರಯೋಗಗಳು ಅಳೆದದ್ದು 'ಮಾಸ್ಕ್ ಹಾಕಿ ಎಂದು ಹೇಳಿದರೆ ಏನಾಗುತ್ತದೆ' ಎಂಬುದನ್ನು. ಹೇಳಿಸಿಕೊಂಡವರೆಲ್ಲ ಹಾಕಲಿಲ್ಲ. ಹಜ್ ಯಾತ್ರಿಕರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ ಮಾಸ್ಕ್ ಗುಂಪಿನ ಸುಮಾರು ಕಾಲು ಭಾಗ ಜನ ಮಾತ್ರ ದಿನವೂ ಹಾಕಿದ್ದರು, ಹಾಕಬೇಕಿಲ್ಲದ ಗುಂಪಿನಲ್ಲೂ ಕೆಲವರು ಹಾಕಿಕೊಂಡಿದ್ದರು. ಜೊತೆಗೆ, ಸೇರಿಸಿದ ಹೆಚ್ಚಿನ ಮಾಸ್ಕ್ ಪ್ರಯೋಗಗಳು ಕೋವಿಡ್‌ಗೆ ಮುಂಚಿನವು. 2023ರ ಮಾರ್ಚ್‌ನಲ್ಲಿ ಕಾಕ್ರೇನ್‌ನ ಪ್ರಧಾನ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಅವರೇ ಹೇಳಿಕೆ ನೀಡಿ, 'ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದು ವಿಮರ್ಶೆ ತೋರಿಸಿದೆ' ಎಂಬ ಅರ್ಥ ತಪ್ಪು ಮತ್ತು ದಾರಿ ತಪ್ಪಿಸುವಂಥದ್ದು ಎಂದು ಸ್ಪಷ್ಟಪಡಿಸಿದರು. ಆ ಸ್ಪಷ್ಟನೆ ಮಾತ್ರ ಫಾರ್ವರ್ಡ್ ಆಗಲಿಲ್ಲ.

ಎರಡನೇ ಪ್ರಶ್ನೆಗೆ ಉತ್ತರ: ಆಗಬಹುದು. ಒಳ್ಳೆಯ ಮಾಸ್ಕ್, ಸರಿಯಾದ ಜಾಗ, ಹಾಕಲು ಒಪ್ಪುವ ಜನ, ಈ ಮೂರೂ ಸೇರಿದರೆ. ಬರೀ ಆದೇಶದಿಂದ ಆಗುವುದಿಲ್ಲ.

ಪ್ರಶ್ನೆ 3: ಕಡ್ಡಾಯ ಮಾಡುವುದು ಸರಿಯೇ?

ಈ ಪ್ರಶ್ನೆಗೆ ಪ್ರಯೋಗಾಲಯ ಉತ್ತರಿಸಲಾರದು. ಇದು ನಾವು ಕೂಡಿ ಬದುಕುವ ರೀತಿಯ ಪ್ರಶ್ನೆ. ಎರಡೂ ಕಡೆ ತೂಕವಿರುವ ವಾದಗಳಿವೆ.

ಕಡ್ಡಾಯದ ಪರ ಇರುವವರು ಹೇಳುವುದು: ನನ್ನ ಉಸಿರು ನನ್ನ ಹತ್ತಿರವೇ ನಿಲ್ಲುವುದಿಲ್ಲ. ಕೀಮೋಥೆರಪಿ ಪಡೆಯುತ್ತಿರುವವರು, ಡಯಾಲಿಸಿಸ್‌ಗೆ ಹೋಗುವವರು, ವಯಸ್ಸಾದವರು ಬಸ್ಸು ಹತ್ತಲೇಬೇಕು. ಅವರೊಬ್ಬರೇ ಮಾಸ್ಕ್ ಹಾಕಿದರೆ ಸಿಗುವ ರಕ್ಷಣೆಗಿಂತ ಅಕ್ಕಪಕ್ಕದವರೂ ಹಾಕಿದರೆ ಸಿಗುವುದು ಹೆಚ್ಚು. ಲಸಿಕೆ ಇಲ್ಲದ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಕಾಲದಲ್ಲಿ ಒಂದು ತುಂಡು ಬಟ್ಟೆಯ ಕಿರಿಕಿರಿ ದೊಡ್ಡ ಬೆಲೆಯಲ್ಲ.

ವಿರೋಧಿಸುವವರು ಹೇಳುವುದು: ದಂಡ ಹೆಚ್ಚಾಗಿ ಬೀಳುವುದು ಬೀದಿಯಲ್ಲಿ ದುಡಿಯುವವರ ಮೇಲೆ. ತುಟಿಯ ಚಲನೆ ನೋಡಿ ಮಾತು ತಿಳಿಯುವ ಕಿವುಡರಿಗೆ, ಮಾತು ಕಲಿಯುವ ಮಕ್ಕಳಿಗೆ ಮಾಸ್ಕ್ ನಿಜವಾದ ಅಡ್ಡಿ. ತುರ್ತು ಕಾಲದ ನಿಯಮ ತುರ್ತು ಮುಗಿದ ಮೇಲೂ ಉಳಿದರೆ ಯಾರನ್ನು ಕೇಳುವುದು?

ಭಾರತದಲ್ಲಿ 2020ರ ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನು ಕಡ್ಡಾಯ ಮಾಡಿತು. ಮುಂದೆ ನಡೆದದ್ದರಲ್ಲಿ ಈ ಎರಡೂ ವಾದಗಳ ಎಳೆದಾಟ ಕಾಣುತ್ತದೆ. ಕರ್ನಾಟಕ ಸರ್ಕಾರ 2020ರ ಅಕ್ಟೋಬರ್ ಆರಂಭದಲ್ಲಿ ನಗರಗಳಲ್ಲಿ 1,000 ರೂಪಾಯಿ, ಉಳಿದೆಡೆ 500 ರೂಪಾಯಿ ದಂಡ ನಿಗದಿ ಮಾಡಿತು. ದುಡಿಮೆಯೇ ಇಲ್ಲದ ಕಾಲದಲ್ಲಿ ಇದೇನು ಎಂದು ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ದಂಡ 250 ಮತ್ತು 100 ರೂಪಾಯಿಗೆ ಇಳಿಯಿತು. ಆ ಡಿಸೆಂಬರ್‌ನಲ್ಲಿ ಗುಜರಾತ್ ಹೈಕೋರ್ಟ್, ಮಾಸ್ಕ್ ಹಾಕದವರನ್ನು ಕೋವಿಡ್ ಕೇಂದ್ರಗಳಲ್ಲಿ ಸೇವೆಗೆ ಹಚ್ಚಬೇಕೆಂದು ಆದೇಶಿಸಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು, ಆದರೆ ಮಾಸ್ಕ್ ನಿಯಮ ಪಾಲನೆಯಾಗಲೇಬೇಕು ಎಂದೂ ಹೇಳಿತು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಕಾರಿನಲ್ಲಿ ಒಬ್ಬರೇ ಇದ್ದರೂ ಮಾಸ್ಕ್ ಬೇಕು ಎಂದಿತು. 2022ರ ಫೆಬ್ರವರಿಯಲ್ಲಿ ದೆಹಲಿ ಆಡಳಿತ ಆ ನಿಯಮವನ್ನು ಕೈಬಿಟ್ಟಿತು. ಗಾಜು ಏರಿಸಿದ ಕಾರಿನಲ್ಲಿ ಒಬ್ಬರೇ ಕುಳಿತವರಿಂದ ಸೋಂಕು ತಗಲುವುದು ಯಾರಿಗೆ ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ಇಂಥ ನಿಯಮಗಳು ಉಪಯೋಗಕ್ಕೆ ಬರುವ ನಿಯಮಗಳ ಮೇಲಿನ ನಂಬಿಕೆಯನ್ನೂ ತಿಂದುಹಾಕುತ್ತವೆ.

ನಂಬಿಕೆಗೆ ಪೆಟ್ಟು ಕೊಟ್ಟ ಇನ್ನೊಂದು ಕಾರಣ, ಸಲಹೆ ಬದಲಾದ ರೀತಿ. 2020ರ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲ ಎನ್ನುತ್ತಿತ್ತು. ವೈದ್ಯರು, ನರ್ಸ್‌ಗಳಿಗೇ ಮಾಸ್ಕ್ ಸಾಲದಿದ್ದುದೂ ಆಗಿನ ಒಂದು ಚಿಂತೆ. ಜೂನ್ 5ರಂದು ಸಲಹೆ ಬದಲಾಗಿ, ಸೋಂಕು ಹಬ್ಬಿರುವ ಕಡೆ ಸಾರ್ವಜನಿಕರೂ ಹಾಕಲಿ ಎಂದಿತು. ಲಕ್ಷಣ ಇಲ್ಲದವರಿಂದಲೂ ರೋಗ ಹರಡುತ್ತದೆ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಹೊಸ ಮಾಹಿತಿ ಬಂದಾಗ ಸಲಹೆ ಬದಲಾಗುವುದು ವಿಜ್ಞಾನದ ಸಹಜ ನಡೆ. ಆದರೆ ಮೊದಲ ಸಲಹೆಯನ್ನು ಅಷ್ಟು ಖಚಿತವಾಗಿ ಹೇಳಿದ್ದರಿಂದ ಜನರಿಗೆ ಎರಡನೆಯದರ ಮೇಲೂ ಅನುಮಾನ ಬಂತು.

ಫಾರ್ವರ್ಡ್ ಮಾಡುವ ಮೊದಲು

ಮಾಸ್ಕ್ ಬಗ್ಗೆ ಮುಂದಿನ ಸಂದೇಶ ಬಂದಾಗ ಹೀಗೆ ಕೇಳಿ ನೋಡಿ:

• ಇದು ಮಾಸ್ಕ್ ಬಗ್ಗೆ ಹೇಳುತ್ತಿದೆಯೋ, ಮಾಸ್ಕ್ ಕಾನೂನಿನ ಬಗ್ಗೆಯೋ?
• ಯಾವ ಮಾಸ್ಕ್? ಬಟ್ಟೆಯದೋ, ಸರ್ಜಿಕಲ್ಲೋ, ಎನ್95ಓ?
• ಅಧ್ಯಯನದಲ್ಲಿ ಜನ ನಿಜವಾಗಿಯೂ ಮಾಸ್ಕ್ ಹಾಕಿದ್ದರೇ?
• ಅಳೆದದ್ದು ಹಾಕಿದವರ ರಕ್ಷಣೆಯನ್ನೋ, ಎದುರಿನವರ ರಕ್ಷಣೆಯನ್ನೋ?
• "ಪೂರ್ತಿ ತಡೆಯುವುದಿಲ್ಲ" ಎಂಬುದನ್ನು "ಏನೂ ತಡೆಯುವುದಿಲ್ಲ" ಎಂದು ತಿರುಚಲಾಗಿದೆಯೇ?

ಈ ಪ್ರಶ್ನೆಗಳಿಗೆ ಸಂದೇಶದಲ್ಲಿ ಉತ್ತರ ಸಿಗದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ನಿಮ್ಮ ಗುಂಪಿನಲ್ಲಿ ನೂರು ಜನರಿದ್ದರೆ ಅವರಲ್ಲಿ ಒಬ್ಬರ ಮನೆಯಲ್ಲಾದರೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೋ, ಕ್ಷಯಕ್ಕೆ ಮಾತ್ರೆ ನುಂಗುತ್ತಿರುವವರೋ, ಉಬ್ಬಸದ ಅಜ್ಜಿಯೋ ಇರುತ್ತಾರೆ. "ಮಾಸ್ಕ್ ಸುಳ್ಳು" ಎಂಬ ಒಂದು ಸಾಲು ಓದಿ ಅವರು ಆಸ್ಪತ್ರೆಯ ಸಾಲಿನಲ್ಲಿ ಮಾಸ್ಕ್ ತೆಗೆದರೆ ನಷ್ಟ ಅವರದು.

ಸರ್ಕಾರದ ಆದೇಶವನ್ನು ಪ್ರಶ್ನಿಸುವ ಹಕ್ಕು ನಮಗೆಲ್ಲರಿಗೂ ಇದೆ, ಪ್ರಶ್ನಿಸಲೂಬೇಕು. ದಂಡ ಎಷ್ಟು, ಯಾರಿಗೆ, ಎಲ್ಲಿಯವರೆಗೆ ಎಂದು ಕೇಳೋಣ. ಅದರ ಜೊತೆಗೇ, ಮನೆಯಲ್ಲಿ ಯಾರಿಗಾದರೂ ಕೆಮ್ಮು ಜ್ವರ ಇದ್ದರೆ ಕಿಟಕಿ ತೆರೆದಿಡೋಣ. ಕೆಮ್ಮುವವರೂ ಅವರನ್ನು ನೋಡಿಕೊಳ್ಳುವವರೂ ಮೂಗು ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಹಾಕಿಕೊಳ್ಳೋಣ. ಆಸ್ಪತ್ರೆಗೆ ಹೋಗುವಾಗ ಒಂದು ಮಾಸ್ಕ್ ಜೇಬಿನಲ್ಲಿರಲಿ. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.